ಕವಡಿ ಕೇಳಿದವರಿಗೆ ಕೌದಿ

ಹೋದ ತಿಂಗಳು ಒಂದು ಮಧ್ಯಾಹ್ನ ಸುರೇಬಾನದಲ್ಲಿ ನಮ್ಮ ವೈನಿಯ ಮನೆ ಮುಂದೆ ಒಂದು ಬಿಳಿ ಕಾರು ನಿಂತಿತು. ಕೊಲ್ಹಾಪುರದ ಕಡೆಯ ನಂಬರು. ಒಳಗಿನಿಂದ ಗೃಹಸ್ಥರೊಬ್ಬರು ಇಳಿದು ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದರು.

"ನೀಲವ್ವ ಅವರ ಮನಿ ಇದೇ ಏನ್ರಿ? ಕೌಡಿ ಬೇಕಾಗಿತ್ರಿ."

ನೀಲವ್ವ ಅಂದರೆ ನಮ್ಮ ವೈನಿ, ತೀರಿಹೋದ ನನ್ನ ಅಣ್ಣನ ಹೆಂಡತಿ. ಹಳೆ ಸೀರೆ, ಧೋತರ, ಕುಬಸದ ತುಂಡುಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದರಲ್ಲಿ ಅವರ ಸರಿಸಮ ಆ ಸುತ್ತಿನಲ್ಲಿ ಯಾರೂ ಇಲ್ಲ. ಮರಾಠಿ ನಾಲಿಗೆಗೆ ಕೌದಿ ಹೋಗಿ ಕೌಡಿ ಆಗಿರಬೇಕು ಅಂದುಕೊಂಡು ಅವರು ಬಂದವರನ್ನು ಒಳಗೆ ಕೂರಿಸಿ, ಟ್ರಂಕು ತೆಗೆದು ಕೌದಿಗಳನ್ನು ಹರಡಿದರು.

"ದೊಡ್ಡದು ಬೇಕೋ, ಕೂಸಿಗೆ ಹೊದಸೂದು ಬೇಕೋ?"

"ಸಣ್ಣವು ಬೇಕ್ರಿ. ಇಷ್ಟಿಷ್ಟ ಇರಬೇಕು," ಅಂದ ಆ ಗೃಹಸ್ಥರು ಹೆಬ್ಬೆರಳ ತುದಿ ತೋರಿಸಿದರು.

"ಅಷ್ಟರಾಗ ಯಾರ ಮಲಗತಾರೋ ಯಪ್ಪಾ? ಇಲಿ ಏನು?"

"ಮಲಗಾಕಲ್ರಿ. ಕೊಳ್ಳಾಗ ಹಾಕ್ಕೊಳ್ಳಾಕ."

ವೈನಿ ಆ ಮನುಷ್ಯನ ಮುಖವನ್ನೇ ನೋಡುತ್ತ ನಿಂತರಂತೆ. ಬಂದವರು ಜೇಬಿನಿಂದ ಒಂದು ಮಡಿಚಿದ ಹಾಳೆ ತೆಗೆದರು. ಕಂಪ್ಯೂಟರಿನಿಂದ ಪ್ರಿಂಟ್ ತೆಗೆದದ್ದು. "ನಿಮ್ಮ ಹೆಸರೇ ಬರದಾರ ನೋಡ್ರಿ ಇದರಾಗ." ವೈನಿಗೆ ಓದು ಬರುವುದಿಲ್ಲ. ಪಕ್ಕದ ಮನೆಯ ಫೋನಿನಿಂದ ರಾಮದುರ್ಗಕ್ಕೆ, ನನಗೆ, ಒಂದು ಕಾಲ್ ಬಂತು.

"ಲಗೂನ ಬಾ. ಪೆನ್ನು ತರಬ್ಯಾಡ."

ಪೆನ್ನು ತರಬೇಡ ಅಂದದ್ದು ಯಾಕೆ ಅಂತ ನನಗೆ ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಇಳಿದು ವಾಪಸ್ ಹೋಗಬೇಕು ಅನ್ನಿಸಿತು. ಆದರೆ ಕಂಡಕ್ಟರ್ ಆಗಲೇ ಟಿಕೀಟು ಹರಿದಿದ್ದ.

ನೀವು ಈ ಅಂಕಣ ಓದುವವರು, ನಿಮ್ಮಿಂದ ಮುಚ್ಚಿಡುವುದು ಏನಿದೆ? ರಾಮದುರ್ಗದ ಒಂದು ಬಟ್ಟೆ ಅಂಗಡಿಯಲ್ಲಿ ಮೀಟರ್ ಕೋಲು ಹಿಡಿದೇ ಮುದುಕನಾದವನು ನಾನು. ಎಸ್ಸೆಸ್ಸೆಲ್ಸಿ ದಾಟಿದವನಲ್ಲ. ಬರೆಯುವ ಹುಚ್ಚು ಮಾತ್ರ ಮೊದಲಿನಿಂದ ಇತ್ತು. ಆ ಹುಚ್ಚಿಗೆ ಕಂಪ್ಯೂಟರ್ ಸೇರಿದಾಗ ಏನಾಯಿತು ಅನ್ನುವುದೇ ಈ ವಾರದ ಕತೆ.

ಮೊದಲು ಎಸ್‌ಟಿಡಿ ಬೂತ್ ಇಟ್ಟಿದ್ದ ಈರಣ್ಣ ಈಗ ಅದೇ ಜಾಗದಲ್ಲಿ ಸೈಬರ್ ಕೆಫೆ ನಡೆಸುತ್ತಾನೆ. ದೂರದ ಸಂಬಂಧಿ, ನನಗೆ ಕಾಕಾ ಅನ್ನುತ್ತಾನೆ. ಈಗೀಗ ಎಲ್ಲರೂ ಮಿಲ್ಲಿನ ಚಾದರ ಕೊಳ್ಳುತ್ತಾರೆ, ವೈನಿಗೆ ಕೌದಿ ಹೊಲಿಸುವವರೇ ಇಲ್ಲ ಅಂತ ನಾನು ಒಮ್ಮೆ ಅವನ ಮುಂದೆ ಹೇಳಿದೆ. ಅವನು ವೆಬ್‌ಸೈಟ್ ಮಾಡೋಣ ಅಂದ. ಮಾಡಿಯೂ ಬಿಟ್ಟ. ಕೌದಿಗಳ ಫೋಟೊ, ವೈನಿಯ ಹೆಸರು, ಊರಿನ ವಿಳಾಸ. ಅದನ್ನು ನೋಡುವವರು ನಾವಿಬ್ಬರೇ ಆಗಿದ್ದೆವು.

"ಕಾಕಾ, ಸೈಟ್ ಮಾಡೂದು ದೊಡ್ಡದಲ್ಲ. ಮಂದಿ ಬರೂದು ದೊಡ್ಡದು. ಯಾರರ ಸರ್ಚ್ ಮಾಡಿದ್ರ ನಮ್ಮದು ಮ್ಯಾಲೆ ಬರಬೇಕು."

"ಮ್ಯಾಲೆ ಬರಾಕ ಏನ್ ಮಾಡಬೇಕೋ?"

"ಆರ್ಟಿಕಲ್ ಬರೀಬೇಕು. ವಾರಕ್ಕೊಂದು. ಬೇಕಾದ ಶಬ್ದ ಅದರಾಗ ಮತ್ತ ಮತ್ತ ಬರಬೇಕು. ಮಷೀನು ಓದತೈತಿ."

"ಮಂದಿ ಓದೂದಿಲ್ಲೇನು?"

"ಮೊದಲ ಮಷೀನು ಓದಬೇಕ್ರಿ. ಆಮ್ಯಾಲೆ ಮಂದಿ."

ಇದು ನನಗೆ ಬಹಳ ವಿಚಿತ್ರವಾಗಿ ಕಂಡಿತು, ಬಹಳ ಹಿಡಿಸಿತು ಕೂಡ. ಮಷೀನಿಗೆ ಮೆಚ್ಚುಗೆಯಾಗುವಂತೆ ಬರೆಯುವುದು ಹೇಗೆ? ಅದಕ್ಕೆ ಉಪಮೆ ಬೇಕಿಲ್ಲ, ನಗು ಬೇಕಿಲ್ಲ. ಹೆಸರು ಬೇಕು. ತಲೆಬರಹದಲ್ಲಿ ಬೇಕು, ಮೊದಲ ಸಾಲಿನಲ್ಲಿ ಬೇಕು. ಹಾಗಂತ ಅತಿಯಾದರೆ ಅದೂ ಮುನಿಸಿಕೊಳ್ಳುತ್ತದೆಯಂತೆ. (ಥೇಟ್ ನಮ್ಮ ಅಂಗಡಿಯ ಹಳೆ ಮಾಲಕರ ಸ್ವಭಾವ.) ಪುಕ್ಕಟೆ ಲೇಖನ ಹಾಕುವ ಬೇರೆ ಸೈಟುಗಳಿದ್ದವು, ಅಲ್ಲಿಯೂ ಬರೆದು ಕೆಳಗೆ ನಮ್ಮ ವಿಳಾಸ ಅಂಟಿಸಿದೆವು. ಕನ್ನಡ ಅಕ್ಷರ ಹಾಕಿದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಬರೀ ಚೌಕ ಡಬ್ಬಿಗಳು ಮೂಡುತ್ತಿದ್ದವು. ಹಾಗಾಗಿ ನನ್ನ ಸಾಲಿಯ ಇಂಗ್ಲಿಷಿನಲ್ಲೇ ಬರೆದೆ, ಈರಣ್ಣ ತಿದ್ದಿದ.

ಪೇಜಿನ ಅಡಿಗೆ ಒಂದು ಕೌಂಟರ್ ಇತ್ತು, ಮೋಟಾರು ಮೀಟರಿನ ಹಾಗೆ. ಎಷ್ಟು ಜನ ವಿಸಿಟರ್ ಬಂದರು ಅಂತ ತೋರಿಸುವುದು. ಸ್ವಲ್ಪ ದಿನ ಸುಮ್ಮನೆ ಇದ್ದ ಅದು ಓಡತೊಡಗಿತು. ನಾನು ಬೆಳಿಗ್ಗೆ ಎದ್ದು ಚಹಾ ಕುಡಿಯುವ ಮೊದಲೇ ಸೈಬರಿಗೆ ಹೋಗಿ ಕೌಂಟರಿನ ದರ್ಶನ ಮಾಡುತ್ತಿದ್ದೆ. ಒಮ್ಮೆ ಸುರೇಬಾನಕ್ಕೆ ಹೋದಾಗ ವೈನಿಗೂ ಹೇಳಿದೆ.

"ನಿಮ್ಮ ಕೌದಿ ನೋಡಾಕ ದಿನಾ ಮಂದಿ ಬರಾಕತ್ತಾರ ವೈನಿ."

"ಎಲ್ಲಿ ಬರಾಕತ್ತಾರ?"

"ಕಂಪ್ಯೂಟರಿನ್ಯಾಗ."

"ಮತ್ತ ಅವರಿಗೆ ಚಾ ಯಾರ ಕೊಡತಾರ?"

ನಾನು ನಕ್ಕೆ. ಅವರು ನಗಲಿಲ್ಲ.

ಇಷ್ಟು ಮಂದಿ ಬಂದರೂ ಒಂದು ಕೌದಿಯೂ ಮಾರಾಟವಾಗಲಿಲ್ಲ. ಯಾಕೆ? ಈರಣ್ಣ ಒಂದು ದಿನ, ಬಂದವರು ಏನಂತ ಟೈಪ್ ಮಾಡಿ ನಮ್ಮಲ್ಲಿಗೆ ಬಂದರು ಅನ್ನುವುದನ್ನು ತೆಗೆದು ತೋರಿಸಿದ. ಅದನ್ನು ಓದುವಾಗ ಪರರ ಮನೆ ಕಿಟಕಿಯಲ್ಲಿ ಇಣುಕಿದ ಹಾಗಾಯಿತು. ಹೆಂಡತಿಗೂ ಹೇಳದ್ದನ್ನು ಮನುಷ್ಯ ಆ ಸರ್ಚ್ ಡಬ್ಬಿಗೆ ಹೇಳುತ್ತಾನೆ. 'ಮನೆಗೆ ಯಾವ ಕೌಡಿ ಶುಭ.' 'ಕೌಡಿ ಸರ ಎಲ್ಲಿ ಸಿಗುತ್ತದೆ.' 'ಸವದತ್ತಿ ಕೌಡಿ.'

ಈರಣ್ಣ ಬಿದ್ದು ಬಿದ್ದು ನಕ್ಕ. "ಕಾಕಾ, ನಿಮ್ಮ ವೈನಿ ಕೌದಿನ ಕೊಳ್ಳಾಗ ಹಾಕ್ಕೊಳ್ಳಾಕ ನಿಂತಾರ ನೋಡ್ರಿ ಮಂದಿ."

ನಾವು ಕವಡಿ ಅನ್ನುವುದಕ್ಕೆ ಹಿಂದಿಯವರು ಕೌಡಿ ಅನ್ನುತ್ತಾರೆ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ರಾಶಿ ಹಾಕಿ ಮಾರುವ, ಭಕ್ತರು ಸರ ಮಾಡಿ ಹಾಕಿಕೊಳ್ಳುವ ಅದೇ ಕವಡಿ. ಇಂಗ್ಲಿಷಿನಲ್ಲಿ ದ-ಕ್ಕೂ ಡ-ಕ್ಕೂ ಇರುವುದು ಒಂದೇ ಡಿ. ಹಾಗಾಗಿ ಹೊದಿಯುವ ಕೌದಿ, ಕೊರಳಿಗೆ ಹಾಕುವ ಕೌಡಿ, ಎರಡೂ ಅಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ. ಸವದತ್ತಿಗೆ ಹೋಗಬೇಕಾದವರು ನಮ್ಮ ಮನೆಯ ಕದ ತಟ್ಟುತ್ತಿದ್ದರು.

ಇಲ್ಲಿಯವರೆಗೆ ಇದು ಬರೀ ತಮಾಷೆ. ಇಲ್ಲಿಂದ ಮುಂದಿನದು ತಪ್ಪು. ಅದು ಈರಣ್ಣನದಲ್ಲ, ನನ್ನದು.

ಬಂದವರಿಗೆ, ಇದು ಕವಡಿಯಲ್ಲ, ಕೌದಿ ಅಂತ ಒಂದು ಸಾಲು ಬರೆಯಬಹುದಿತ್ತು. ಬರೆದರೆ ಮಂದಿ ಹೋಗುತ್ತಾರೆ, ಕೌಂಟರು ನಿಲ್ಲುತ್ತದೆ. ಅಷ್ಟು ಮಂದಿ ನನ್ನ ಬರಹ ಓದಿದ್ದು ಅದೇ ಮೊದಲು. (ಈ ಅಂಕಣವನ್ನು ಎಷ್ಟು ಜನ ಓದುತ್ತೀರಿ ಅಂತ ನನಗೆ ಗೊತ್ತು. ಸಂಪಾದಕರು ಹೇಳಿದ್ದಾರೆ. ಬೇಸರವಿಲ್ಲ.) ಹಾಗಾಗಿ ಒಂದು ಹೊಸ ಆರ್ಟಿಕಲ್ ಬರೆದೆ. 'ಸವದತ್ತಿ ಸೀಮೆಯ ಕೌಡಿ: ಮನೆಗೆ ತರುವ ಶುಭ.' ಇದು ತಲೆತಲಾಂತರದಿಂದ ಬಂದದ್ದು ಅಂತ ಬರೆದೆ. ತಾಯಿ ಮಗಳಿಗೆ ಕೊಟ್ಟು ಕಳಿಸುವಂಥದ್ದು ಅಂತ ಬರೆದೆ. ಎಲ್ಲಮ್ಮನ ಗುಡ್ಡದ ಗಾಳಿ ಸೋಕುವ ನಾಡಿನದು, ಒಳ್ಳೆಯವು ಬೇಕಾದರೆ ಸುರೇಬಾನದ ನೀಲವ್ವನ ಮನೆಗೇ ಬರಬೇಕು ಅಂತಲೂ ಬರೆದೆ. ಕೌದಿಯ ಬಗ್ಗೆ ಅಂತ ಓದಿದರೆ ಅದರಲ್ಲಿ ಒಂದು ಸುಳ್ಳೂ ಇಲ್ಲ. ಅದು ಹೊದಿಯುವ ವಸ್ತು ಅನ್ನುವುದು ಮಾತ್ರ ಎಲ್ಲಿಯೂ ಇಲ್ಲ. ಫೋಟೊಗಳನ್ನೂ ಹಿಂದಿನ ಪೇಜಿಗೆ ಸರಿಸಿದೆ.

ಅದು ಎಲ್ಲಕ್ಕಿಂತ ಮೇಲೆ ಬಂತು. ಮೊದಲನೆಯದಾಗಿ ಬಂತು. ನಾನು ಸೈಬರಿನಲ್ಲಿದ್ದವರಿಗೆಲ್ಲ ಚಹಾ ಹೇಳಿದೆ.

ಈಗ ಸುರೇಬಾನಕ್ಕೆ ಬನ್ನಿ. ನಾನು ಒಳಗೆ ಹೋದಾಗ, ಕೊಲ್ಹಾಪುರದವರ ಜೊತೆ ಕಾರಿನಲ್ಲಿ ಬಂದಿದ್ದ ಅವರ ವಯಸ್ಸಾದ ತಾಯಿ ಗೋಡೆಗೆ ಒರಗಿ ಕೂತಿದ್ದರು. ಬಹಳ ಬಳಲಿದ್ದರು. ಬೆನ್ನಿಗೆ ವೈನಿ ಒಂದು ಕೌದಿ ಕೊಟ್ಟಿದ್ದರು. ಆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಕವಡಿ ಸರ ತೋರಿಸಿದರು. ಅವರ ತಾಯಿ ಗುಡ್ಡದಿಂದ ತಂದು ಹಾಕಿದ್ದಂತೆ. ಒಂದು ಕವಡಿ ಒಡೆದು ಬಿದ್ದಿತ್ತು. ಅಂದಿನಿಂದ ಆಕೆಗೆ ನಿದ್ದೆ ಸರಿಯಿಲ್ಲ. ಅದೇ ಸೀಮೆಯ ಕವಡಿ ಬೇಕು ಅಂತ ಮಗನಿಗೆ ಗಂಟುಬಿದ್ದು ಹೊರಟಿದ್ದರು. ಬೈಲಹೊಂಗಲ ದಾಟಿ, ಡ್ಯಾಮಿನ ಹಿನ್ನೀರು ನೋಡಿಕೊಂಡು, ಸವದತ್ತಿಯ ಗುಡ್ಡವನ್ನೂ ದಾಟಿ ಬಂದಿದ್ದರು.

"ಗುಡ್ಡದ ಕೆಳಗ ಗಾಡಿ ನಿಲ್ಲಿಸಂತ ಆಯಿ ಅಂದಳ್ರಿ. ನಾನ ಬ್ಯಾಡ ಅಂದೆ. ಚೊಲೋವು ನೀಲವ್ವನ ಮನ್ಯಾಗ ಸಿಗತಾವಂತ ಇದರಾಗ ಬರದಿತ್ತಲ್ಲ," ಅಂದರು ಮಗ.

ವೈನಿ ಆ ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಓದು, ಚನಬಸು. ಕನ್ನಡದಾಗ ಹೇಳು."

ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ ತಿರುಗಿಸುವಾಗ ಒಂದಷ್ಟು ಬಿಡಬಹುದು, ಒಂದಷ್ಟು ಸೇರಿಸಬಹುದು. ವೈನಿಗೆ ಗೊತ್ತಾಗುವುದಿಲ್ಲ. ಮೊದಲ ಸಾಲಿನಲ್ಲಿ 'ಕೌದಿ ಅನ್ನುವ ಹೊದಿಕೆ' ಅಂತ ಸೇರಿಸಿಯೂ ಬಿಟ್ಟೆ. ಕೊಲ್ಹಾಪುರದವರು ತಲೆ ಎತ್ತಿ ನನ್ನನ್ನು ನೋಡಿದರು, ಅಷ್ಟೇ. ಅವರಿಗೆ ಎರಡೂ ಭಾಷೆ ಬರುತ್ತಿತ್ತು. ನಾನು ಮೊದಲಿನಿಂದ ಮತ್ತೆ ಶುರುಮಾಡಿ, ಇದ್ದದ್ದನ್ನು ಇದ್ದಂತೆ ಓದಿದೆ.

"ಇದರಾಗ, ಕೌದಿ ಅಂದ್ರ ಹೊದಿಯೂದು ಅಂತ ಎಲ್ಲಿ ಬರದಿ?" ವೈನಿ ಕೇಳಿದರು.

"ಬರದಿಲ್ಲ ವೈನಿ."

"ಮರತಿ?"

"ಮರತಿಲ್ಲ."

ವೈನಿ ಬಯ್ಯಲಿಲ್ಲ. ಅರ್ಧ ಹೊಲಿದಿದ್ದ ಒಂದು ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಅವರಲ್ಲಿ ಒಂದು ಪದ್ಧತಿ ಇದೆ. ಕೌದಿಯ ನಟ್ಟನಡುವಿನ ತುಂಡನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ. ಅದು ಕೌದಿಯ ಹೊಟ್ಟೆ. ಹೊಟ್ಟೆ ತುಂಬಿಸದ ಕೌದಿಯನ್ನು ಯಾರ ಮೈ ಮೇಲೂ ಹೊದಿಸುವುದಿಲ್ಲ.

"ಇಷ್ಟ ವರ್ಸದಾಗ ನಾ ಒಂದು ಹಸದ ಕೌದಿ ಈ ಮನಿ ಹೊರಗ ಕಳಿಸಿಲ್ಲ. ನೀ ನನ್ನ ಹೆಸರು ಹಚ್ಚಿ ಕಳಿಸೀದಿ. ನನ್ನ ಹೆಸರು ತಗಿ. ಆ ಕಂಪ್ಯೂಟರಿಗೆ ಇನ್ನ ನಾ ಹೊಲಿಯಂಗಿಲ್ಲ."

ಆಮೇಲೆ ಎದ್ದು ಬಂದವರಿಗೆ ರೊಟ್ಟಿ ಪಲ್ಯ ಬಡಿಸಿದರು. ಅಜ್ಜಿ ಊಟ ಮಾಡಿ, ಆ ಕೌದಿಯ ಮೇಲೇ ಒರಗಿ, ಒಂದು ಗಳಿಗೆ ಗೊರಕೆ ಹೊಡೆದರು. ಮಗ ಮೆಲ್ಲಗೆ ಕೇಳಿದರು, "ಇದನ್ನರ ಕೊಡ್ರಿ. ರೊಕ್ಕ ಎಷ್ಟಾಗಲಿ."

"ಇವತ್ತ ಮಾರಾಕ ಬರಂಗಿಲ್ಲಪಾ. ಸುಳ್ಳ ಹೇಳಿ ಕರಸಿದವರಿಗೆ ಹೆಂಗ ಮಾರೂದು?" ಅಂದರು ವೈನಿ. "ನಡೀರಿ, ಗುಡ್ಡಕ್ಕ ನಾನೂ ಬರತೇನಿ. ತಪ್ಪು ನಮ್ಮ ಮನಿದು."

ಅವರ ಕಾರಿನಲ್ಲೇ ನಾವೆಲ್ಲ ಸವದತ್ತಿಗೆ ಹೋದೆವು. ಗುಡ್ಡದ ಅಂಗಡಿಯಲ್ಲಿ ಅಜ್ಜಿ ಒಂದೊಂದೇ ಕವಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಆರಿಸಿದರು. ಸಿಕ್ಕಿತು. ನಾನು ಒಂದು ಬದಿಗೆ ನಿಂತಿದ್ದೆ. ವಾಪಸ್ ಬಸ್ಸಿನಲ್ಲಿ ವೈನಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು.

ಮರುದಿನ ನಾನೇ ಈರಣ್ಣನ ಬಳಿ ಹೋಗಿ ಆ ಆರ್ಟಿಕಲ್ ತೆಗೆಯಲು ಹೇಳಿದೆ.

"ಕಾಕಾ, ಮೊದಲನೇ ನಂಬರಿನ್ಯಾಗ ಐತ್ರಿ ಅದು."

"ಅದಕ್ಕ ತಗಿ ಅನ್ನಾಕತ್ತೇನಿ."

ಅದರ ಜಾಗದಲ್ಲಿ ಏನು ಹಾಕುವುದು? ಸುರೇಬಾನಕ್ಕೆ ಹೋಗಿ ವೈನಿಯನ್ನೇ ಕೇಳಿದೆ. ಸೂಜಿಯಲ್ಲಿದ್ದ ದಾರ ಮುಗಿಯುವವರೆಗೆ ಹೊಲಿದರು. ಆಮೇಲೆ, ಬಾಗಿಲಿಗೆ ಬಂದವರಿಗೆ ಹೇಳುವ ಹಾಗೆ ಹೇಳಿದರು. "ಬರ್ರಿ, ಕುಂತ್ಗೋರ್ರಿ. ಇದು ಹೊದಿಯೂ ಕೌದಿ. ಕವಡಿ ಬೇಕಾದವರು ಸವದತ್ತಿ ಗುಡ್ಡಕ್ಕ ಹೋಗ್ರಿ, ಬಸ್ಸು ಸಿಗತಾವು. ಹಳೆ ಸೀರಿ ಇದ್ದವರು ತಗೊಂಡು ಬರ್ರಿ." ಅದನ್ನೇ ಇಂಗ್ಲಿಷ್ ಮಾಡಿ ಹಾಕಿದೆವು. ಫೋಟೊಗಳನ್ನು ಮುಂದಕ್ಕೆ ತಂದೆವು. ಅವರ ಹೆಸರನ್ನು ಮಾತ್ರ ಹಾಕಲಿಲ್ಲ. ಅವರು ಹಾಕು ಅಂದಿರಲಿಲ್ಲ.

ಸೈಟು ಕೆಳಗೆ ಬಿತ್ತು. ಎಷ್ಟು ಕೆಳಗೆ ಅಂದರೆ ಈರಣ್ಣ ಹುಡುಕುವುದನ್ನೇ ಬಿಟ್ಟ. "ಅಂಗಡಿಗೆ ಬಂದ ಗಿರಾಕಿಗೆ ನಾವ ಬ್ಯಾರೆ ಅಂಗಡಿ ತೋರಿಸಿದಂಗ ಆತು ಕಾಕಾ," ಅಂದ. ನಿಜವೇ. ಬಟ್ಟೆ ಅಂಗಡಿಯಲ್ಲಿ ನಾನು ಅದನ್ನು ದಿನಾ ಮಾಡುತ್ತಿದ್ದೆ. ನಮ್ಮಲ್ಲಿ ಇಲ್ಲದ ಬಣ್ಣ ಬೇಕು ಅಂದವರಿಗೆ ಎದುರಿನ ಅಂಗಡಿ ತೋರಿಸುತ್ತಿದ್ದೆ. ಮುಂದಿನ ಸಲ ಅವರು ಮೊದಲು ನಮ್ಮಲ್ಲಿಗೇ ಬರುತ್ತಿದ್ದರು. ಕಂಪ್ಯೂಟರ್ ಮುಂದೆ ಕೂತಾಗ ಅದು ಯಾಕೆ ನೆನಪಾಗಲಿಲ್ಲವೋ.

ಮೊನ್ನೆ ಕೌಂಟರು ಒಂದು ಸಲ ಜರುಗಿತ್ತು. ಬಂದವರು ಏನಂತ ಟೈಪ್ ಮಾಡಿದ್ದರು ಅಂತ ಈರಣ್ಣನಿಗೆ ತೆಗೆಯಲು ಹೇಳಿದೆ. ಕೌಡಿಯೂ ಅಲ್ಲ, ಶುಭವೂ ಅಲ್ಲ. 'ತೀರಿಹೋದ ಅಮ್ಮನ ಹಳೆ ಸೀರೆ ಏನು ಮಾಡುವುದು.' ಯಾವ ಊರಿನ ಹೆಣ್ಣುಮಗಳೋ, ಎಷ್ಟನೇ ಪೇಜಿನವರೆಗೆ ಹುಡುಕಿ ಬಂದರೋ. ಸೈಟಿನ ವಿಳಾಸಕ್ಕೆ ಅವರದೇ ಎರಡು ಸಾಲಿನ ಈಮೇಲ್ ಕೂಡ ಬಂದಿತ್ತು: ಸೀರೆ ಕಳಿಸಿದರೆ ಹೊಲಿದು ಕೊಡುತ್ತೀರಾ?

ಹೋಗಿ ವೈನಿಗೆ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು.

"ಅಕಿ ತಾನ ಬಂದಾಳೋ, ನೀ ಕರಸೀದಿಯೋ?"

"ತಾನ ಬಂದಾಳ ವೈನಿ."

"ಹಂಗಾರ ಕಳಸಂತ ಹೇಳು. ನನ್ನ ಹೆಸರು ಹೇಳು."

ಇಷ್ಟು ದಿನ ಬಂದವರನ್ನು ಎಣಿಸುತ್ತ ಕೂತಿದ್ದೆನಲ್ಲ, ಅವರಲ್ಲಿ ಒಬ್ಬರನ್ನಾದರೂ ನಿಮಗೆ ಏನು ಬೇಕಿತ್ತು ಅಂತ ಕೇಳಿದ್ದೆನೆ?