ನರ್ಸಬಾಯಿಯ ವಹಿಗಳು

ಹೋದ ವಾರ ಮಗಳ ಜೊತೆ ಹೊಸ ಫೋನು ಕೊಳ್ಳಲು ಹೋಗಿದ್ದೆ. ಅಂಗಡಿಯ ಹುಡುಗ ಡಬ್ಬಿ ಬಿಚ್ಚಿ ಫೋನು ಚಾಲೂ ಮಾಡಿದ. ಪರದೆಯ ಮೇಲೆ ಇರುವೆ ಸಾಲಿನ ಹಾಗೆ ಬಂದ ಬರಹವನ್ನು ಹೆಬ್ಬೆರಳಿನಿಂದ ಸರ್ರನೆ ಮೇಲಕ್ಕೆ ತಳ್ಳಿ, ಕೊನೆಯಲ್ಲಿದ್ದ ಒಪ್ಪಿಗೆಯ ಗುಂಡಿಯನ್ನು ನನ್ನ ಪರವಾಗಿ ತಾನೇ ಒತ್ತಿಬಿಟ್ಟ. "ಏನು ಒತ್ತಿದಿ?" ಎಂದೆ. "ಏನಿಲ್ರಿ ಅಂಕಲ್, ಎಲ್ಲಾರೂ ಒತ್ತೇ ಒತ್ತತಾರ" ಎಂದ. ಅಷ್ಟರಲ್ಲಿ ಡಬ್ಬಿಯೊಳಗಿನ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಮಗಳು ಬಣ್ಣ ಯಾವುದು ಬೇಕೆಂದು ಕೇಳುತ್ತಿದ್ದಳು. ನನಗೆ ಕೇಳಿಸಲಿಲ್ಲ. ಆ ವಾಸನೆ ನನ್ನನ್ನು ಕಲಬುರಗಿಯ ಬ್ರಹ್ಮಪುರ ಓಣಿಯ ನನ್ನ ಹಳೆಯ ಅಂಗಡಿಗೆ ಎಳೆದುಕೊಂಡು ಹೋಗಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಕಂಪ್ಯೂಟರ್ ಟೈಪಿಂಗ್ ಅಂಗಡಿ ತೆರೆದಿದ್ದೆ. ಆಗ ಕಲಬುರಗಿಯಲ್ಲಿ ಕಂಪ್ಯೂಟರ್ ಇಟ್ಟವನೆಂದರೆ ಅರ್ಧ ಡಾಕ್ಟರ್ ಇದ್ದ ಹಾಗೆ. ಬಂದವರು ಚಪ್ಪಲಿಯನ್ನು ಹೊರಗೇ ಬಿಡಬೇಕು, ಪರದೆಯ ಹತ್ತಿರ ಬೆರಳು ತರಬಾರದು, ನಾನು ಕೆಲಸ ಮಾಡುವಾಗ ಮಾತಾಡಿಸಬಾರದು. ಈ ಕಾನೂನುಗಳನ್ನೆಲ್ಲ ಮಾಡಿದವನು ಮೂರು ತಿಂಗಳ ಕೋರ್ಸು ಮಾಡಿದ್ದ ನಾನೇ. ಮದುವೆ ಪತ್ರಿಕೆ ಟೈಪು ಮಾಡುವಾಗಲೂ ಹುಬ್ಬು ಗಂಟಿಕ್ಕಿಕೊಂಡೇ ಕೂರುತ್ತಿದ್ದೆ. ಗಿರಾಕಿಗಳಿಗೆ ಭಕ್ತಿ ಬರಲಿ ಅಂತ.

ಕನ್ನಡ ಟೈಪು ಮಾಡುವ ಸಾಫ್ಟ್‌ವೇರನ್ನು ಒಂದು ಕಂಪನಿಯಿಂದ ಕೊಂಡಿದ್ದೆ. ಅದರ ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬೂದು ತುಂಡು ಬಂದಿತ್ತು. ಕಂಪ್ಯೂಟರಿನ ಬೆನ್ನಿಗೆ ಅದನ್ನು ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತಿತ್ತು. ಕಿತ್ತರೆ ಇಲ್ಲ. ನಾವು ಅದನ್ನು ಬೀಗ ಅನ್ನುತ್ತಿದ್ದೆವು. ಕಳ್ಳರು ನಕಲು ಮಾಡದಿರಲಿ ಎಂದು ಕಂಪನಿಯವರು ಮಾಡಿದ ಏರ್ಪಾಡು. ನನಗೆ ಅದರ ಬಗ್ಗೆ ಹೆಮ್ಮೆಯೇ ಇತ್ತು. ಬೀಗ ಇದೆ ಎಂದರೆ ಒಳಗೆ ಬೆಲೆಬಾಳುವಂಥದ್ದು ಇದೆ ಎಂದಲ್ಲವೇ? ಬೀಗ ಯಾರ ಮನೆಗೆ, ಕೀಲಿ ಯಾರ ಕೈಯಲ್ಲಿ ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಆ ಅಂಗಡಿಗೆ ಒಂದು ದಿನ ಕಮಲಾಪುರದಿಂದ ಗಂಗಾಬಾಯಿ ಬಂದರು. ಸುತ್ತಿನ ಹಳ್ಳಿಗಳಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆರಿಗೆ ಮಾಡಿಸಿ ನಿವೃತ್ತರಾದ ನರ್ಸು. ಮಂದಿ ಅವರನ್ನು ಕರೆಯುತ್ತಿದ್ದದ್ದು ನರ್ಸಬಾಯಿ ಅಂತ. ಬಿಳಿ ಸೀರೆಯ ಅಭ್ಯಾಸ ಬಿಟ್ಟಿರಲಿಲ್ಲ. ಒಂದು ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು, ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು. ಗಂಟು ಬಿಚ್ಚಿದರೆ ಹನ್ನೊಂದು ವಹಿಗಳು. ರಟ್ಟು ಹರಿದ, ಎಣ್ಣೆ ಕಲೆಯ ನೋಟುಪುಸ್ತಕಗಳು. ತಾವು ಹಿಡಿದ ಪ್ರತಿಯೊಂದು ಕೂಸಿನ ಊರು, ತಾಯಿಯ ಹೆಸರು, ಹುಟ್ಟಿದ ತಾರೀಖು, ಹೊತ್ತು, ತೂಕ.

"ಸರ್ಕಾರದ ರಿಜಿಸ್ಟರ್ ಸರ್ಕಾರಕ್ಕ ಕೊಟ್ಟೀನಪ್ಪ. ಇವು ನಾ ಮಂದಿಗಿ ಅಂತ ಬರದಿಟ್ಟದ್ದು" ಎಂದರು. "ಸಾಲಿಗಿ ಹಚ್ಚಲಿಕ್ಕ, ನೌಕರಿಗಿ, ಕೋರ್ಟಿಗಿ, ಎಲ್ಲಾದಕ್ಕೂ ನನ್ನ ಕಡಿ ಬರ್ತಾರ. ಹಾಳಿ ಜೀರ್ಣ ಆಗ್ಯಾವ. ನಿನ್ನ ಮಷೀನಿನಾಗ ಇಡಾಕ ಬರ್ತದೇನು?"

ಬರುತ್ತದೆ ಎಂದೆ. ನೂರು ವರ್ಷ ಏನೂ ಆಗುವುದಿಲ್ಲ ಎಂದೂ ಸೇರಿಸಿದೆ. ಕಂಪ್ಯೂಟರ್ ಕೊಂಡು ಆಗ ಎಂಟು ತಿಂಗಳಾಗಿತ್ತು.

ನಾಲ್ಕು ತಿಂಗಳು ಕೂತು ಟೈಪು ಮಾಡಿದೆ. ಎಲ್ಲವನ್ನೂ ಒಮ್ಮೆಲೇ ಮುದ್ರಿಸಲಿಲ್ಲ. "ಯಾಕ್ರಿ ಸುಮ್ಮನ ಹಾಳಿ ಹಾಳು ಮಾಡೋದು? ಯಾರಿಗಿ ಬೇಕೋ ಅವರಿಗಿ ಒಂದೊಂದು ಹಾಳಿ ತಗದು ಕೊಡ್ತೀನಿ" ಎಂದೆ. ಹಾಗೇ ನಡೆಯಿತು. ಅವರು ಚೀಟಿ ಕೊಟ್ಟು ಕಳಿಸಿದರೆ ಆ ಪುಟ ತೆಗೆದುಕೊಡುತ್ತಿದ್ದೆ. ಅವರು ಕೆಳಗೆ ಸಹಿ ಮಾಡುತ್ತಿದ್ದರು. ವಹಿಗಳು ನನ್ನ ಅಂಗಡಿಯ ಮೂಲೆಯಲ್ಲೇ ಉಳಿದವು. ಎರಡು ವರ್ಷದ ಮೇಲೆ ಸುಣ್ಣ ಬಳಿಸುವಾಗ ನೋಡಿದರೆ ಗೆದ್ದಲು ಹತ್ತಿತ್ತು. ಹಳೆ ಪೇಪರಿನ ಜೊತೆಗೆ ರದ್ದಿಯವನಿಗೆ ಹಾಕಿದೆ. ನರ್ಸಬಾಯಿಯನ್ನು ಕೇಳಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ, ಆದರೂ ಬರೆಯಬೇಕು: ಆ ಹನ್ನೊಂದು ವಹಿಗಳನ್ನು ಕೊಟ್ಟವನು ನಾನು. ಕೆಲವು ಪುಟಗಳನ್ನಷ್ಟೇ ಗೆದ್ದಲು ತಿಂದಿತ್ತು.

ಆಮೇಲೆ ಅವರಿಗೆ ಹೇಳಿದೆ. "ಮಷೀನಿನಾಗ ಅದಾವಲ್ಲ?" ಎಂದರು.

"ಅದಾವ್ರಿ ಅಕ್ಕೋರೆ."

"ಹಂಗಾದ್ರ ಆಯ್ತು ಬಿಡು."

ಆ ದಿನಗಳಲ್ಲೇ ಶಕೀಲಾ ಮೇಡಂ ಎಂಬ ಕಾಲೇಜು ಲೆಕ್ಚರರ್ ಒಬ್ಬರು ಒಂದು ಕರಪತ್ರ ಮಾಡಿಸಲು ಬಂದಿದ್ದರು. ಕಂಪ್ಯೂಟರ್ ಕಲಿಸುವವರು. ಸಾಫ್ಟ್‌ವೇರ್ ಯಾರ ಗುಟ್ಟೂ ಆಗಿರಬಾರದು, ಒಳಗೆ ಏನಿದೆ ಎಂದು ಬಳಸುವವರು ನೋಡುವಂತಿರಬೇಕು, ಕೆಟ್ಟರೆ ತಾವೇ ದುರಸ್ತಿ ಮಾಡುವಂತಿರಬೇಕು, ನಾಲ್ಕು ಮಂದಿಗೆ ಹಂಚುವಂತಿರಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅವರ ಸಭೆಗಳಿಗೆ ಹತ್ತು ಜನ ಸೇರಿದರೆ ಹೆಚ್ಚು. ಕರಪತ್ರ ಟೈಪಾಗುವಾಗ ಅವರ ಕಣ್ಣು ಬೀಗದ ಮೇಲೆ ಬಿತ್ತು.

"ಭಾಯಿ, ಈ ಫೈಲೆಲ್ಲಾ ನಿಮ್ಮವೇನು?"

"ಮತ್ತ್ಯಾರವು ಮೇಡಂ? ನಾನೇ ಟೈಪ್ ಮಾಡೀನಿ."

"ಗಿರಣಿಯವ ನಿಮ್ಮ ಜೋಳ ಬೀಸಿ, ಹಿಟ್ಟು ತನ್ನ ಕಡಿನೇ ಇಟ್ಕೊಂಡು, ರೊಟ್ಟಿ ಮಾಡೋವಾಗ ಬಂದು ನನ್ನ ಕೇಳ್ರಿ ಅಂದ್ರ ಒಪ್ತೀರೇನು? ನಾಳಿ ಗಿರಣಿ ಮುಚ್ಚಿದ್ರ?"

ನಾನು ನಕ್ಕೆ. ಅವರು ಹೋದ ಮೇಲೆ ಮುಂದಿನ ಗಿರಾಕಿಯ ಎದುರು ಅವರ ದನಿಯನ್ನು ಅಣಕಿಸಿಯೂ ತೋರಿಸಿದೆ. ಗಿರಾಕಿಯೂ ನಕ್ಕ.

ಗಿರಣಿ ಮುಚ್ಚಿತು. ಎರಡು ಸಾವಿರದ ಇಸವಿ ಕಳೆದಿತ್ತು. ಬೇಸಿಗೆಯಲ್ಲಿ ಒಂದು ದಿನ ವೋಲ್ಟೇಜು ಏರಿ ಬೀಗ ಸುಟ್ಟಿತು. ಕಂಪನಿಗೆ ಫೋನು ಮಾಡಿದರೆ ಆ ನಂಬರೇ ಇಲ್ಲ ಎಂದಿತು. ಮಾರಿದ ಏಜೆಂಟನನ್ನು ಹುಡುಕಿ ಹಿಡಿದೆ. ಕಂಪನಿ ಬಾಗಿಲು ಹಾಕಿ ವರ್ಷವಾಯಿತು, ಬೇರೆಯವರ ಸಾಫ್ಟ್‌ವೇರ್ ತಗೊಳ್ಳಿ, ಹಳೆ ಫೈಲು ಅದರಲ್ಲಿ ತೆರೆಯುವುದಿಲ್ಲ ಎಂದ. ಅದೇ ಸಾಫ್ಟ್‌ವೇರ್ ಇದ್ದ ಇನ್ನೊಂದು ಅಂಗಡಿಗೆ ಫ್ಲಾಪಿ ಒಯ್ದೆ. ಅವರ ಬೀಗಕ್ಕೆ ಅವರ ಫೈಲು ಮಾತ್ರ. ಕಪನೂರಿನ ಒಂದು ಶೆಡ್ಡಿನಲ್ಲಿ ಕಾರ್ಖಾನೆಗಳ ಬೋರ್ಡು ರಿಪೇರಿ ಮಾಡುವವನಿಗೆ ಬೀಗವನ್ನೇ ಕೊಟ್ಟೆ. ಅವನು ಒಡೆದು ತೋರಿಸಿದ. ಒಳಗೆಲ್ಲ ಡಾಂಬರಿನಂಥ ಕಪ್ಪು ಅಂಟು ಸುರಿದು ಗಟ್ಟಿ ಮಾಡಿದ್ದರು. ಯಾರೂ ರಿಪೇರಿ ಮಾಡಬಾರದು ಎಂದೇ.

ನಾನು ಹೊಸ ಸಾಫ್ಟ್‌ವೇರ್ ಕೊಂಡೆ. ಅದಕ್ಕೂ ಬೀಗವಿತ್ತು. ನರ್ಸಬಾಯಿಗೆ ಮಾತ್ರ ಏನೂ ಹೇಳಲಿಲ್ಲ. ಚೀಟಿ ಬಂದರೆ "ಮಷೀನು ರಿಪೇರಿಗೆ ಹೋಗ್ಯಾದ" ಎಂದು ಎರಡು ಸಲ ಸುಳ್ಳು ಹೇಳಿದೆ.

ಮೂರನೆಯ ಸಲ ಚೀಟಿ ಬರಲಿಲ್ಲ, ಅವರೇ ಬಂದರು. ಜೊತೆಗೆ ಮಹಾಗಾಂವದ ಒಬ್ಬ ಹುಡುಗಿ. ರೇಣುಕಾ ಅಂತ. ತೆಳ್ಳನೆಯ ಮೈ, ಎರಡು ಜಡೆ, ಕೈಗೆ ಆಗಲೇ ಹಸಿರು ಬಳೆ. ಸೋಮವಾರ ಅದು. ಗುರುವಾರ ಅವಳ ಮದುವೆ. ಹೆಂಡತಿ ಸತ್ತ, ಮೂವತ್ತೈದು ದಾಟಿದ ಗಂಡು. ಮನೆಯಲ್ಲಿ ಅಂಗಡಿಗೆಂದು ಹೇಳಿ ಅವಳು ಒಬ್ಬಳೇ ಟೆಂಪೋ ಹತ್ತಿ ಕಮಲಾಪುರಕ್ಕೆ ಬಂದು ನರ್ಸಬಾಯಿಯ ಬಾಗಿಲು ಬಡಿದಿದ್ದಳು.

"ಅವ್ವ ಹೇಳ್ಯಾಳ್ರಿ, ನನ್ನ ಹುಟ್ಟಿದ ತಾರೀಖು ನರ್ಸಬಾಯಿ ಬರದಿಟ್ಟಾರ ಅಂತ" ಎಂದಳು ನನಗೆ. "ಅಪ್ಪ ಡಾಕ್ಟರ್ ಕಡಿಂದ ಹತ್ತೊಂಬತ್ತು ಅಂತ ಬರಸ್ಕೊಂಡು ಬಂದಾನ. ನಾ ಅಷ್ಟು ದೊಡ್ಡಾಕಿ ಇಲ್ರಿ."

ನರ್ಸಬಾಯಿ ಹೇಳಿದರು: "ತಹಸೀಲ್ದಾರ್ ಸಾಹೇಬರ ಕಡಿ ಹೋಗಿ ಬಂದೀನಿ. ಬಾಯಿಮಾತು ನಡ್ಯಾದಿಲ್ಲ, ಕಾಗದ ತರ್ರಿ, ನಿಲ್ಲಸ್ತೀನಿ ಅಂದಾರ. ಮಹಾಗಾಂವದ್ದು ತಗಿ. ಲಗೂನ ತಗಿ."

ನಾನು ಯಾಕೋ ಕಂಪ್ಯೂಟರ್ ಹಚ್ಚಿದೆ. ಹಚ್ಚಿದರೆ ಏನಾಗುತ್ತದೆ ಎಂದು ಗೊತ್ತಿದ್ದೂ ಆ ಫೈಲನ್ನು ಹೊಸ ಸಾಫ್ಟ್‌ವೇರಿನಲ್ಲಿ ತೆರೆದೆ. ಪರದೆ ತುಂಬ ಚೌಕ, ಗೆರೆ, ತಲೆಕೆಳಗಾದ ಚಿಹ್ನೆಗಳು. ರೇಣುಕಾ ಸ್ಟೂಲಿನ ತುದಿಯಲ್ಲಿ ಕೂತು ಮುಂದಕ್ಕೆ ಬಾಗಿ ನೋಡಿದಳು.

"ಇದರಾಗ ನಾ ಎಲ್ಲಿ ಅದೀನ್ರಿ?"

ಆಗ ಎಲ್ಲವನ್ನೂ ಹೇಳಿದೆ. ಬೀಗ ಸುಟ್ಟದ್ದು, ಕಂಪನಿ ಮುಚ್ಚಿದ್ದು, ಎರಡು ಸುಳ್ಳು. ನರ್ಸಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎರಡು ಸಾವಿರ ಕೂಸು ಹಿಡದೀನಿ. ಒಂದು ಕೂಸಿನ ತಾರೀಖು ತಲ್ಯಾಗ ಹ್ಯಾಂಗ ಇರ್ತದ? ಅದಕ್ಕಂತಲೇ ಬರದಿದ್ದೆ" ಎಂದರು. ಅಷ್ಟೇ. ಹುಡುಗಿಯ ಕೈ ಹಿಡಿದುಕೊಂಡು ಎದ್ದರು.

ಮರುದಿನ ನಾನೂ ಅವರ ಜೊತೆ ಆ ಸಾಹೇಬರ ಬಳಿ ಹೋಗಿ ಫೈಲಿನ ಕಥೆ ಹೇಳಿದೆ. ಅವರು ಕೆಟ್ಟವರಲ್ಲ. "ಒಬ್ಬ ಡಾಕ್ಟರ್ ಬರದ ಕಾಗದ ಒಂದು ಕಡಿ. ತೆರಿಯಲಾರದ ಫ್ಲಾಪಿ ಒಂದು ಕಡಿ. ನೀವೇ ಹೇಳ್ರಿ" ಎಂದರು. ಗುರುವಾರ ಮದುವೆಯಾಯಿತು.

ಶಕೀಲಾ ಮೇಡಂ ಮನೆ ಹುಡುಕಿಕೊಂಡು ಹೋದೆ. ಅಣಕಿಸಿದ್ದು ಅವರಿಗೆ ಗೊತ್ತಿರಲಿಲ್ಲ. ನಾನೇ ಹೇಳಿದೆ. "ಛೋಡೋ ಭಾಯಿ, ಫ್ಲಾಪಿ ಕೊಡ್ರಿ" ಎಂದರು. ಕಂಪನಿಯವರು ಪ್ರತಿ ಅಕ್ಷರಕ್ಕೂ ತಮ್ಮದೇ ಗುಟ್ಟಿನ ಸಂಖ್ಯೆ ಇಟ್ಟಿದ್ದರು. ಆ ಗುಟ್ಟು ಸುಟ್ಟ ಬೀಗದಲ್ಲಿತ್ತು. ಅದನ್ನು ಬಿಡಿಸಲು ಒಂದೇ ದಾರಿ, ಫೈಲಿನಲ್ಲಿರುವ ಪುಟವೇ ಕಾಗದದ ಮೇಲೆ ಮುದ್ರಣವಾಗಿ ಸಿಗಬೇಕು. ಅವೆರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ಹೊಂದಿಸಬೇಕು. ಅಂಥ ಕಾಗದ ಇದ್ದದ್ದು ಹಿಂದೆ ನಾವು ಒಂದೊಂದಾಗಿ ತೆಗೆದುಕೊಟ್ಟಿದ್ದ ಹಾಳೆಗಳಲ್ಲಿ ಮಾತ್ರ.

ಅವುಗಳನ್ನು ಹುಡುಕಲು ನರ್ಸಬಾಯಿ ಹೊರಟರು. ಅರವತ್ತೈದರ ಹತ್ತಿರದ ವಯಸ್ಸು, ಮೊಣಕಾಲು ನೋವು. ಊರೂರು ಸುತ್ತಿ, ಟ್ರಂಕು ಬಿಚ್ಚಿಸಿ, ದೇವರ ಫೋಟೋದ ಹಿಂದೆ ಸಿಕ್ಕಿಸಿದ್ದನ್ನು ತೆಗೆಸಿ ತಂದರು. ಕೆಲವು ತುಂಡಾಗಿದ್ದವು, ಒಂದರ ಮೇಲೆ ಅರಿಶಿನ ಚೆಲ್ಲಿತ್ತು. ಬೀಗವಿಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಸಾಫ್ಟ್‌ವೇರನ್ನು ಶಕೀಲಾ ತಮ್ಮ ಕಂಪ್ಯೂಟರಿನಲ್ಲಿ ಹಾಕಿಕೊಂಡಿದ್ದರು. ಅದರ ಮುಂದೆ ನಾವು ಭಾನುವಾರಗಳಲ್ಲಿ ಕೂರುತ್ತಿದ್ದೆವು. ಮೊದಲು ಸಿಕ್ಕಿದ್ದು ಒಂದು 'ಕ', ಮೂರು ವಾರದ ಮೇಲೆ. ಒತ್ತಕ್ಷರಗಳು ಜೀವ ತಿಂದವು. ಎಷ್ಟೋ ಭಾನುವಾರ ಏನೂ ಸಿಗದೆ ಎದ್ದು ಬರುತ್ತಿದ್ದೆ.

ಹಾಗೆ ಒಂದು ವರ್ಷ ಕಳೆಯುವಷ್ಟರಲ್ಲಿ ಸುದ್ದಿ ಬಂತು. ರೇಣುಕಾ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ನರ್ಸಬಾಯಿ ಅಂಗಡಿಗೆ ಬಂದು ಹೊಸ್ತಿಲ ಮೇಲೆ ಕೂತು ಹೇಳಿದರು. "ಸೊಂಟದ ಎಲುಬು ಬಲತಿರಲಿಲ್ಲ. ಕೈ ಹಚ್ಚಿ ನೋಡ್ಬೇಕಿಲ್ಲ, ಆವತ್ತು ಆಕಿ ನಡ್ಯಾದು ನೋಡೇ ನನಗ ಗೊತ್ತಾಗಿತ್ತು." ನೀರು ಕೊಟ್ಟೆ. ಕುಡಿಯಲಿಲ್ಲ.

ನಾನು ಕೆಲಸ ಬಿಟ್ಟುಬಿಡೋಣ ಎಂದೆ. ಬಿಡುವುದು ಬೇಡ ಎಂದವರು ಅವರೇ. "ಆಕಿ ಒಬ್ಬಾಕಿನೇ ಅಲ್ಲ ಅದರಾಗ ಇರೋದು."

ಅದಾದ ನಾಲ್ಕನೆಯ ತಿಂಗಳಲ್ಲಿ ಫೈಲು ತೆರೆಯಿತು. ಊರುಗಳು ಒಂದೊಂದಾಗಿ ಪರದೆಯ ಮೇಲೆ ಬಂದವು. ಮಹಾಗಾಂವ ಬಂದಾಗ ಶಕೀಲಾ ಕುರ್ಚಿ ಬಿಟ್ಟು ಎದ್ದು ನರ್ಸಬಾಯಿಯನ್ನು ಕೂರಿಸಿದರು. ಅವರು ಬೆರಳಿಟ್ಟುಕೊಂಡು ಇಳಿಯುತ್ತ ಹೋಗಿ ಒಂದು ಸಾಲಿನ ಮೇಲೆ ನಿಂತರು. ತುಟಿಯಲ್ಲೇ ಲೆಕ್ಕ ಹಾಕಿದರು.

"ಹದಿನಾಕೂ ತುಂಬಿರಲಿಲ್ಲ" ಎಂದರು.

ಆ ಹಾಳೆಯನ್ನು ಮುದ್ರಿಸಿಕೊಂಡು ನಾನೂ ಅವರೂ ಮಹಾಗಾಂವಕ್ಕೆ ಹೋದೆವು. ಯಾಕೆ ಹೋದೆವೋ. ಕಾಗದ ತಲುಪಬೇಕಾದವರಿಗೆ ತಲುಪಲಿ ಎಂದಿರಬೇಕು. ರೇಣುಕಾಳ ತಾಯಿ ತೊಗರಿ ಹಸನು ಮಾಡುತ್ತಿದ್ದಳು. ಅಕ್ಷರ ಬಾರದವಳು. ಸೆರಗಿಗೆ ಕೈ ಒರೆಸಿಕೊಂಡು ಹಾಳೆ ಹಿಡಿದು ಕೇಳಿದಳು: "ಆಕಿ ಹೆಸರು ಎಲ್ಲದರಿ?"

ತೋರಿಸಿದೆ. ಆಗ ಕೂಸಿಗೆ ಹೆಸರಿಟ್ಟಿರಲಿಲ್ಲ. ಅಲ್ಲಿದ್ದದ್ದು ತಾಯಿಯ ಹೆಸರು, ಮುಂದೆ 'ಹೆಣ್ಣು' ಎಂದು. ಅವಳು ಅದರ ಮೇಲೆ ಹೆಬ್ಬೆರಳು ಆಡಿಸಿದಳು. "ಆವತ್ತು ಇದು ಇದ್ದಿದ್ರ..." ಎಂದಳು. ಹಾಳೆ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡು ಮತ್ತೆ ಮೊರದ ಮುಂದೆ ಕೂತಳು.

ನರ್ಸಬಾಯಿ ಈಗಿಲ್ಲ. ನನ್ನ ಅಂಗಡಿಯಲ್ಲಿ ಇಂದಿಗೂ ಟೈಪಿಂಗ್ ನಡೆಯುತ್ತದೆ, ಶಕೀಲಾ ಮೇಡಂ ಹಾಕಿಕೊಟ್ಟ ಬೀಗವಿಲ್ಲದ ಸಾಫ್ಟ್‌ವೇರಿನಲ್ಲಿ. ಕೆಲಸ ಮುಗಿದ ಮೇಲೆ ಗಿರಾಕಿಯ ಮೂಲ ಪುಸ್ತಕವನ್ನು ಅವರ ಕೈಯಲ್ಲೇ ಇಟ್ಟು ಕಳಿಸುತ್ತೇನೆ. ಬೇರೆ ಯಾವ ಕಂಪ್ಯೂಟರಿನಲ್ಲೂ ತೆರೆಯುವ ಫೈಲು, ಜೊತೆಗೆ ಒಂದು ಮುದ್ರಿತ ಪ್ರತಿ. "ಮಷೀನಿನಾಗ ಅದಲ್ರಿ, ಇದೆಲ್ಲಾ ಯಾಕ?" ಎಂದು ಕೆಲವರು ಸಿಡುಕುತ್ತಾರೆ. ಮುದುಕನಿಗೆ ಹೊಸದು ತಿಳಿಯುವುದಿಲ್ಲ ಎಂದುಕೊಳ್ಳುತ್ತಾರೆ. ಹೋದ ವಾರ ಫೋನಿನ ಅಂಗಡಿಯಲ್ಲಿ ಮಗಳಿಗೂ ಹಾಗೇ ಅನ್ನಿಸಿರಬೇಕು. ಮೆಟ್ಟಿಲು ಇಳಿಯುವಾಗ "ಅಷ್ಟಕ್ಕ ಯಾಕಪ್ಪ ಮುಖ ಸಣ್ಣದು ಮಾಡ್ಕೊಂಡಿ?" ಎಂದಳು. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದಿದ್ದದ್ದನ್ನು ರಸ್ತೆಯ ಬದಿ ನಿಂತು ಅವಳಿಗೆ ಹೇಳಿದೆ, ರದ್ದಿಯವನಿಂದ ಹಿಡಿದು. ಮದುವೆಯ ದಿನ ಆ ಹುಡುಗಿಗೆ ಎಷ್ಟು ವಯಸ್ಸು ಎಂದು ಕೇಳಿದಳು.

ಹದಿಮೂರು ವರ್ಷ, ಹತ್ತು ತಿಂಗಳು, ನಾಲ್ಕು ದಿನ. ಅದನ್ನು ಹೇಳಲು ನಾನು ಯಾವ ಫೈಲನ್ನೂ ತೆರೆಯಬೇಕಾಗಿಲ್ಲ.