ಸತ್ತವರ ಸಿಫಾ ಬರೆದ ಮೇಷ್ಟ್ರು

ಅಂಬಕಿಸ್ಯೆ ಮೇಷ್ಟ್ರು ಶನಿವಾರ ಸಂಜೆ ತೀರಿಕೊಂಡರು. ಊರಿನವನೇ ಆದ ಗ್ವಾಕಿಸಾನ ಮಣ್ಣು ಮುಗಿಸಿ ಬರುವಾಗ ಟುಕುಯು ಪೇಟೆಯ ದಾರಿಯ ಏರಿನಲ್ಲಿ ಎದೆ ಹಿಡಿದು ಕೂತವರು ಏಳಲಿಲ್ಲ. ಅರವತ್ತೊಂಬತ್ತು ವರ್ಷ.

ಊರಲ್ಲಿ ಯಾರು ಸತ್ತರೂ ಗುಂಡಿಯ ಪಕ್ಕ ಓದುವ ಜೀವನ ವಿವರ ಬರೆಯುತ್ತಿದ್ದವರೂ ಓದುತ್ತಿದ್ದವರೂ ಅವರೇ. ಹುಟ್ಟು, ಓದು, ಕೆಲಸ, ಮಕ್ಕಳು, ಕೊನೆಗೆ ಸಿಫಾ. ಸಿಫಾ ಎಂದರೆ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಿ ತೋರಿಸುವ ಗುಣ. ಮೂವತ್ತು ವರ್ಷ ಸ್ವಾಹಿಲಿ ಪಾಠ ಮಾಡಿದ ಅವರು ಹಾಗೆಯೇ ಕಲಿಸಿದ್ದರು: ಕತ್ತಲಲ್ಲಿ ಹತ್ತು ಜನರ ನಡುವೆ ಯಾವುದರಿಂದ ಗುರುತು ಹಿಡಿಯುತ್ತೀರೋ ಅದು. ಆದರೆ ಸಾವಿನ ಮನೆಯವರಿಗೆ ಸಿಫಾ ಎಂದರೆ ಹೊಗಳಿಕೆ. ಸೌಮ್ಯ, ಉದಾರಿ, ಸಂಸಾರವಂತ. ಮೇಷ್ಟ್ರೂ ಬರೆದುಕೊಟ್ಟರು, ಇನ್ನೂರು ಹೆಣಗಳಿಗೆ ಒಂದೇ ಅಂಗಿ ತೊಡಿಸಿದ ಹಾಗೆ. ಈಚೆಗೆ ಆ ಮಾತುಗಳನ್ನು ಬರೆಯುವಾಗ ಹಳಸಿದ ಸಾರು ಮೂಸಿದವರಂತೆ ಮುಖ ಕಿವುಚುತ್ತಿದ್ದರು.

ಗ್ವಾಕಿಸಾ ಹೆಂಡತಿಯ ಕೈಯನ್ನು ಎರಡು ಸಲ ಮುರಿದವನು. ಶುಕ್ರವಾರ ಮೇಷ್ಟ್ರು ವಿವರ ಕೇಳಲು ಹೋದಾಗ ಅವಳು, ತುಸಜಿಗ್ವೆ, ಚಾಪೆಯ ಮೇಲಿಂದಲೇ ಮೆಲ್ಲಗೆ ಹೇಳಿದಳು: "ಅವನು ಸೌಮ್ಯ ಅಂತ ಮಾತ್ರ ಓದ್ಬೇಡಿ ಮೇಷ್ಟ್ರೇ. ಮಕ್ಕಳು ಕೇಳ್ತಿರ್ತವೆ. ತಾವು ಕಣ್ಣಾರೆ ಕಂಡಿದ್ದೇ ಸುಳ್ಳು ಅಂದ್ಕೋತವೆ."

ಹೊರಗೆ ಗ್ವಾಕಿಸಾನ ಅಣ್ಣ ಅನಾಂಗಿಸ್ಯೆ ನಿಂತಿದ್ದ. "ಹೆಂಗಸಿನ ಗೋಳು ಮುಗೀತಾ? ಯಾವಾಗ್ಲೂ ಬರಿಯೋದನ್ನೇ ಬರೀರಿ. ಸತ್ತವನ ಮೇಲೆ ಯಾಕೆ ಸಿಟ್ಟು?"

"ಸಿಟ್ಟಲ್ಲಪ್ಪ. ಹೇಸಿಗೆ."

ಶನಿವಾರ ಮೇಷ್ಟ್ರು ಮಕ್ಕಳ ಹೆಸರುಗಳವರೆಗೆ ಓದಿದರು. ಆಮೇಲೆ: "ಸಿಫಾ. ಮನೆಗೆ ಬರುವಾಗ ದಾರಿಯಿಂದಲೇ ಸಿಳ್ಳೆ ಹಾಕುತ್ತಿದ್ದ. ಅದು ಕೇಳಿಸಿದರೆ ಮಕ್ಕಳು ಹಿಂಬಾಗಿಲಿಂದ ಬಾಳೆತೋಟಕ್ಕೆ ಓಡುತ್ತಿದ್ದವು."

ಅನಾಂಗಿಸ್ಯೆ ಮೈಕು ಕಿತ್ತುಕೊಂಡ. "ಮುದುಕನಿಗೆ ತಲೆ ಕೆಟ್ಟಿದೆ! ನನ್ನ ತಮ್ಮ ಸೌಮ್ಯ."

"ಉದಾಹರಣೆ?" ಎಂದರು ಮೇಷ್ಟ್ರು. ತರಗತಿಯ ದನಿ, ಅದಕ್ಕೆ ಮೈಕು ಬೇಕಿರಲಿಲ್ಲ.

"ಉದಾರಿ."

"ಒಂದು ಉದಾಹರಣೆ ಕೊಡಪ್ಪ."

"ಅದು... ಎಲ್ಲರಿಗೂ ಹೆಂಡ ಕೊಡಿಸ್ತಿದ್ದ."

"ಯಾರಿಗೋ? ನಂಗಂತೂ ಇಲ್ಲ!" ಹಿಂದಿನಿಂದ ಯಾರೋ ಕೂಗಿದರು.

"ಸಂಸಾರ ಅಂದ್ರೆ ಪ್ರಾಣ ಅವನಿಗೆ."

ಮೇಷ್ಟ್ರು ಮಕ್ಕಳ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಚಿಕ್ಕವನು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿದ. ಅನಾಂಗಿಸ್ಯೆ ಮೈಕು ಕೆಳಗಿಟ್ಟ.

ಅನ್ನ, ಮಾಂಸದ ತಟ್ಟೆಗಳು ಬಂದವು. ಮೇಷ್ಟ್ರು ಮುಟ್ಟಲಿಲ್ಲ. ಸಾವಿನ ಮನೆಯ ಊಟ ಬಿಡುವುದು ದೊಡ್ಡ ಅವಮಾನ.

"ಅವರ ಮೇಲೆ ಇಷ್ಟು ಕೋಪಾನಾ?" ಎಂದು ಪಕ್ಕದಲ್ಲಿದ್ದ ಗೆಳೆಯ ಕೇಳಿದ.

"ನನ್ ಬಾಯಿ ಮೇಲೆ ಕಣೋ. ಇನ್ನೂರು ಸಲ ಸೌಮ್ಯ ಅಂದಿದೆ ಇದು."

ಒಂದು ಲೋಟ ನೀರು ಕೇಳಿ ತಗೊಂಡರು. ಮೂರು ಸಲ ಬಾಯಿ ಮುಕ್ಕಳಿಸಿ ಬಾಳೆಯ ಬುಡಕ್ಕೆ ಉಗಿದರು. ಒರೆಸಿಕೊಂಡು, ಒಬ್ಬರೇ ಏರು ಹತ್ತತೊಡಗಿದರು.