ಮರಿಯ ತೊಗಲು ಕಟ್ಟಿದ ರಾತ್ರಿ

ನನ್ನ ಮಗಳು ನೀಲವ್ವ ಇವತ್ತು ಮುಂಜಾನೆ ಹೆಣ್ಣುಕೂಸು ಹಡೆದಳು. ಕೂಸಿಗೆ ತಲೆ ತುಂಬ ಕಪ್ಪು ಕೂದಲು. ನಾನು ಅಜ್ಜಿಯಾದೆ! ಓಣಿಯಲ್ಲೆಲ್ಲ ಸಕ್ಕರೆ ಹಂಚಿ ಬಂದೆ, ಒಂದೇ ಮನೆಗೆ ಎರಡು ಸಲ ಹೋದೆನಂತೆ. ದೊಡ್ಡಿಯ ಕುರಿಗಳಿಗೂ ಹಿಡಿ ಹಿಡಿ ಜೋಳ ಚೆಲ್ಲಿದೆ.

ಆಮೇಲೆ ಕೂಸಿನ ತಲೆಗೆ ಕುಂಚಿಗೆ ಕಟ್ಟಲು ಕೂತೆ... ಇಪ್ಪತ್ತು ವರ್ಷದ ಹಿಂದಿನ ಆ ಕೂಗು ಮತ್ತೆ ಕಿವಿಗೆ ಬಂತು. ಇದು ಕಟ್ಟಿ ಹೇಳುವ ಮಾತಲ್ಲ. ನಾನೊಬ್ಬಳೇ ಕೇಳಿದ್ದರೆ ಕನಸೆಂದು ಬಿಟ್ಟುಬಿಡುತ್ತಿದ್ದೆ. ನಮ್ಮ ಮನೆಯವರೂ ಕೇಳಿದ್ದಾರೆ.

ನಮ್ಮ ಸೀಮೆ ಆಂಧ್ರಕ್ಕೆ ಸೇರಿ ಎರಡು ವರ್ಷವಾಗಿತ್ತು. ನ್ಯಾಲ್ಕಲ್ ಕಡೆ ಒಬ್ಬ ರೈತನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದೆವು. ಬಲೆಯ ಒಳಗೆ ಕುರಿ, ಹೊರಗೆ ಕಂಬಳಿ ಹಾಸಿಕೊಂಡು ನಾವು ಗಂಡ ಹೆಂಡತಿ. ಕೋಲಿಗೆ ಕಟ್ಟಿದ ಜೋಳಿಗೆಯಲ್ಲಿ ನಾಲ್ಕು ತಿಂಗಳ ನೀಲವ್ವ.

ಹೆರಿಗೆಯಾದ ಮೇಲೆ ನನಗೆ ಎಂಟು ದಿನ ಜ್ವರದಲ್ಲಿ ಎಚ್ಚರವಿರಲಿಲ್ಲ. ಅದೇ ವಾರ ನನ್ನ ನಾದಿನಿ ನಮ್ಮ ಮನೆಯಲ್ಲೇ ಹಡೆದು ತೀರಿಕೊಂಡಳು. ಅವಳ ಕೂಸೂ ಉಳಿಯಲಿಲ್ಲ ಎಂದು ಹೇಳಿದ್ದರು. ನಾನು ಕಣ್ಣು ಬಿಟ್ಟಾಗ ನನ್ನ ಎದೆಯಲ್ಲಿ ಕೂಸು ಹಾಲು ಕುಡಿಯುತ್ತಿತ್ತು. ತಲೆಗೆ ಅದೇ ಕೆಂಪು ಕುಂಚಿಗೆ, ಜ್ವರ ಬರುವ ಮುಂಚೆ ನನ್ನ ಕೈಯಾರೆ ಕಟ್ಟಿದ್ದು. ಮತ್ತೇನು ನೋಡಬೇಕು?

ಆ ಸಂಜೆ ಒಂದು ಕುರಿ ಸತ್ತ ಮರಿ ಹಾಕಿತು. ಇನ್ನೊಂದು ಕುರಿ ಈದು ತಾನೇ ಸತ್ತಿತು, ಮರಿ ಬದುಕಿತ್ತು. ತನ್ನದಲ್ಲದ ಮರಿಯನ್ನು ಕುರಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಮೂಸಿ ನೋಡಿ ಒದೆಯುತ್ತದೆ. ಅದಕ್ಕೆ ಸತ್ತ ಮರಿಯ ತೊಗಲು ಸುಲಿದು, ಬದುಕಿದ ಮರಿಗೆ ಅಂಗಿ ತೊಡಿಸಿದ ಹಾಗೆ ತೊಡಿಸುತ್ತೇವೆ. ಬಾಲದ ಕಡೆ ತೊಗಲು ಪೂರಾ ಇರಬೇಕು, ಕುರಿ ಮೂಸುವುದು ಅಲ್ಲೇ. ಮೂರು ದಿನ ಹಾಲು ಕುಡಿಸಿದರೆ ಆಮೇಲೆ ತೊಗಲು ಬೇಕಾಗುವುದಿಲ್ಲ.

ಮನೆಯವರು ತೊಗಲು ಕಟ್ಟಿದರು. ಕುರಿಯ ತಲೆ ಹಿಡಿದವಳು ನಾನು. ಅದು ಮೂಸಿತು, ನಂಬಿತು, ಮರಿಗೆ ಹಾಲು ಬಿಟ್ಟಿತು. ನಾನು ನಕ್ಕೆ.

“ಎಷ್ಟ್ ಹುಚ್ಚದ ನೋಡ್ರಿ ಇದು.”

ಅವರು ನಗಲಿಲ್ಲ. ತೊಗಲಿಲ್ಲದ ಮರಿಯನ್ನು ಹೊಲದ ಅಂಚಿನ ಜಾಲಿ ಮರದ ಕೆಳಗೆ ಹುಗಿದು ಬಂದು ಮಲಗಿದರು.

ಎಷ್ಟು ಹೊತ್ತಾಗಿತ್ತೋ... ಸದ್ದಿಗೆ ಎಚ್ಚರವಾಯಿತು. ಕುರಿ ಬಾಯಿ ತೆರೆಯದೆ ಗಂಟಲಲ್ಲೇ ಗುರುಗುಡುವ ಸದ್ದು. ಹೊಸ ಮರಿಯನ್ನು ನೆಕ್ಕುವಾಗ ಮಾತ್ರ ಹಾಗೆ ಮಾಡುತ್ತದೆ. ಆ ಕುರಿ ಮರಿಯನ್ನು ಬಿಟ್ಟು ಬಂದು ಬಲೆಗೆ ಮುಖ ಒತ್ತಿ ನಿಂತಿತ್ತು. ಜಾಲಿಯ ಕಡೆಗೆ ಕರೆಯುತ್ತಿತ್ತು.

ಜಾಲಿಯ ಕಡೆಯಿಂದ ಉತ್ತರ ಬಂತು.

ತೆಳ್ಳಗೆ... ಒಂದು ಸಲ. ಸ್ವಲ್ಪ ತಡೆದು ಇನ್ನೊಂದು ಸಲ. ನಮ್ಮ ನಾಯಿ ಬೊಗಳಲಿಲ್ಲ, ಬಂದು ನನ್ನ ಕಾಲಿಗೆ ಆತುಕೊಂಡಿತು. ಚಳಿಗಾಳಿಯಲ್ಲಿ ಹಸಿ ಬಾಣಂತಿಯ ಕೋಣೆಯ ವಾಸನೆ. ಬೇವಿನ ಹೊಗೆ, ಬೆಳ್ಳುಳ್ಳಿ, ಹಾಲು... ಬಯಲಲ್ಲಿ ಆ ವಾಸನೆ ಎಲ್ಲಿಂದ ಬರಬೇಕು?

ಮೂರನೇ ಸಲ ಕೂಗಿದ್ದು ಮರಿಯಲ್ಲ. ಕೂಸು.

ಜೋಳಿಗೆಗೆ ಕೈ ಹಾಕಿದೆ. ನೀಲವ್ವ ಬೆಚ್ಚಗೆ ಮಲಗಿದ್ದಳು. ಮನೆಯವರನ್ನು ಎಬ್ಬಿಸಬೇಕೆಂದು ತಿರುಗಿದರೆ ಅವರು ಆಗಲೇ ಎದ್ದು ಕೂತಿದ್ದರು. ಕಂದೀಲಿನ ಬೆಳಕಲ್ಲಿ ಜಾಲಿಯ ಕಡೆಗೇ ನೋಡುತ್ತಿದ್ದರು.

“ಅಕಿ ಇಲ್ಲಿತನಾ ಹ್ಯಾಂಗ್ ಬಂದ್ಲು...” ಎಂದರು. “ಅಕಿನ್ನ ಹಿತ್ತಲದಾಗ ಹುಗದೀವಲ್ಲ.”

“ಯಾರನ್ರೀ?”

ಅವರು ಕಂದೀಲಿನ ಬತ್ತಿ ಸಣ್ಣದು ಮಾಡಿದರು.

“ಯಾರನ್ನ ಹುಗದೀರಿ?”

ಆಗ ಹೇಳಿದರು. ನನ್ನ ಕೂಸು ಜ್ವರದ ಮೂರನೇ ದಿನ ಹೋಗಿತ್ತು. ನಾದಿನಿಯ ಕೂಸು ಹಸಿದು ಅಳುತ್ತಿತ್ತು. ನನ್ನ ಕೂಸಿನ ತಲೆಯ ಕುಂಚಿಗೆ ಬಿಚ್ಚಿ ಇದರ ತಲೆಗೆ ಕಟ್ಟಿ ನನ್ನ ಎದೆಗೆ ಹಾಕಿದ್ದರು. ನಮ್ಮ ಅತ್ತೆಗೆ ಗೊತ್ತಿತ್ತು, ಸೂಲಗಿತ್ತಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವಳು ನಾನೊಬ್ಬಳೇ.

“ನನಗ್ ಹೇಳಿದ್ರ ನಾ ಹಾಲು ಕುಡಸ್ತಿದ್ದಿಲ್ಲೇನ್ರಿ?” ಎಂದೆ. “ನಾ ಏನ್ ಕುರಿ ಏನ್ರಿ?”

“ನೀನೂ ಹೋಗ್ತಿ ಅಂತ ಅಂಜಿದ್ನೆ.”

ಅಷ್ಟೇ ಅವರ ಉತ್ತರ. ಆವತ್ತು ಸಾಲಲಿಲ್ಲ, ಇವತ್ತೂ ಸಾಲುವುದಿಲ್ಲ. ನನ್ನ ಕೂಸಿಗೆ ಅಳಲು ನನಗೆ ಒಂದು ದಿನ ಕೊಡಲಿಲ್ಲ ಅವರು.

ಕಂದೀಲು ಹಿಡಿದು ಜಾಲಿಯ ಕೆಳಗೆ ಹೋದೆ. ಮಣ್ಣು ಮುಚ್ಚಿದ ಹಾಗೆಯೇ ಇತ್ತು, ಮೇಲೆ ಇಟ್ಟ ಕಲ್ಲೂ ಕದಲಿರಲಿಲ್ಲ. ತಿರುಗಿ ಬಂದಾಗ ಕುರಿ ಮರಿಯನ್ನು ಮೂಸುತ್ತಿತ್ತು. ತೊಗಲು ಸಡಿಲಾಗಿರಲಿಲ್ಲ, ವಾಸನೆಯೂ ಹೋಗಿರಲಿಲ್ಲ. ಆದರೂ ಒದ್ದಿತು. ಮತ್ತೆ ಬಂದ ಮರಿಯನ್ನು ಮತ್ತೆ ಒದ್ದಿತು. ಆ ಮರಿಯನ್ನು ಆಮೇಲೆ ಮೇಕೆ ಹಾಲು ಕುಡಿಸಿ ಬೆಳೆಸಿದೆವು.

ಅಷ್ಟರಲ್ಲಿ ಜೋಳಿಗೆಯಲ್ಲಿ ನೀಲವ್ವ ಅಳಲು ಶುರು ಮಾಡಿದಳು. ಹಸಿವಿನ ಅಳು. ಮನೆಯವರು ನನ್ನ ಮುಖ ನೋಡಿದರು, ಎತ್ತಿಕೋ ಎನ್ನುವ ಧೈರ್ಯ ಅವರಿಗಿರಲಿಲ್ಲ. ನಾನು ತುಂಬಾ ಹೊತ್ತು ನಿಂತೇ ಇದ್ದೆ. ಆಮೇಲೆ ಕುಂಚಿಗೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರೀ ತಲೆಯ ಕೂಸನ್ನು ಎತ್ತಿ ಹಾಲು ಕೊಟ್ಟೆ.

ನೀಲವ್ವನಿಗೆ ಇದೆಲ್ಲ ಗೊತ್ತು. ಮದುವೆಗೆ ಮುಂಚೆ ನಾನೇ ಕೂರಿಸಿಕೊಂಡು ಹೇಳಿದೆ. ಆ ಕೆಂಪು ಕುಂಚಿಗೆಯನ್ನು ಮನೆಯವರು ಇವತ್ತು ಪೆಟ್ಟಿಗೆಯಿಂದ ತೆಗೆದು ತಂದಿದ್ದರು, ಮೊಮ್ಮಗಳಿಗೆಂದು. ಅದು ಹಿತ್ತಲಲ್ಲಿ ಮಲಗಿದವಳದ್ದು ಎಂದು ತಿರುಗಿ ಕೊಟ್ಟೆ. ಹಸಿರು ಬಟ್ಟೆಯಲ್ಲಿ ಹೊಸದು ಹೊಲಿದೆ.

ಸಂಜೆ ಎಲ್ಲರೂ ಕೂಡಿ ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಗೋಧಿ ಹುಗ್ಗಿ. ಅಳಿಯ ಹುಗ್ಗಿಯನ್ನು ಮೂರು ಸಲ ಹಾಕಿಸಿಕೊಂಡ. ಕೂಸು ಬಾಣಂತಿ ಕೋಣೆಯ ಬಾಗಿಲ ಒಳಗೆ ನೀಲವ್ವನ ತೊಡೆಯ ಮೇಲೆ ಮಲಗಿತ್ತು, ನನ್ನ ಕಣ್ಣೆದುರೇ.

ಹಿತ್ತಲ ಕಡೆಯಿಂದ ತೆಳ್ಳಗೆ ಒಂದು ಕೂಗು ಬಂತು...

ಯಾರೂ ತಲೆ ಎತ್ತಲಿಲ್ಲ. ಮನೆಯವರ ಕೈ ಮಾತ್ರ ತಾಟಿನಲ್ಲೇ ನಿಂತಿತು.

“ಹಿತ್ತಲ ಬಾಗಲಾ ಹಾಕ್ಲೇನು?” ಎಂದು ಮೆಲ್ಲಗೆ ಕೇಳಿದರು.

“ಬ್ಯಾಡ್ರಿ. ತೆರದಿರ್ಲಿ.”

“ಯವ್ವಾ, ಯಾಕ್ ಸುಮ್ನ ಕುಂತಿ, ಉಣ್ಣು” ಎಂದಳು ನೀಲವ್ವ.

ರೊಟ್ಟಿ ಮುರಿದೆ. ಎಲ್ಲರೂ ಉಂಡೆವು.